ಅಪ್ಪನ ಫ್ಲಾಪಿಯನ್ನು ಮಗಳು ಓದಿದ್ದು

ಭಾನುವಾರದಿಂದ ಒಂದೇ ದನಿ ಕಿವಿಯಲ್ಲಿದೆ. ಹನ್ನೆರಡನೇ ಕ್ಲಾಸಿನ ನನ್ನ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು, ಅಕ್ಷರ ಅಕ್ಷರ ಕೂಡಿಸಿಕೊಂಡು, "ತೀರ್ಥರೂಪ್ ಅವ್ವಗ್..." ಎಂದು ಓದಿದ್ದು. ಕೊನೆಯ ಅಕಾರವನ್ನು ಮರಾಠಿಯವರ ಹಾಗೆ ನುಂಗಿ.

ಫ್ಲಾಪಿ, ಅಂದರೆ ಹಳೆಯ ಕಂಪ್ಯೂಟರುಗಳ ಡಿಸ್ಕು, ನನ್ನ ಅಪ್ಪನದು, ಮೂರೂವರೆ ಇಂಚಿನದು. ಮೇಲೆ ಅವರದೇ ಕೈಬರಹ: "ಮನಿ ಪತ್ರ, 1992". ಪುಣೆಯ ಅವರ ಆಫೀಸಿನ ಕಂಪ್ಯೂಟರಿನಲ್ಲಿ ಇದೇ ಊರಿನ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇತ್ತು. ವಿಂಡೋಸ್‌ಗಿಂತ ಹಿಂದಿನ ಡಾಸ್‌ನಲ್ಲಿ ನಮ್ಮ ಲಿಪಿಗಳು ಮೂಡುತ್ತಿದ್ದುದು ಅದರಿಂದ. ಕೆಲಸ ಮುಗಿದ ಮೇಲೆ ಧಾರವಾಡದ ಅಜ್ಜಿಗೆ ಅದರಲ್ಲೇ ಪತ್ರ ಟೈಪ್ ಮಾಡುತ್ತಿದ್ದರು.

"ಏನಿರ್ತದ ಅದರಾಗ, ಒಗದುಬಿಡು" ಎಂದ ಸಂಬಂಧಿಕರೊಬ್ಬರ ಮಾತು ನನಗೆ ಇವತ್ತಿಗೂ ನೋವು. ಪುಣೆಯ ತಪಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಯವನೇ ವಾಸಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಮಾರಿ ಸುಮ್ಮನಿರಬಹುದಿತ್ತು. ಬೂಷ್ಟು ಹಿಡಿದಿದ್ದರೆ ತಿರುಗಿಸಬೇಡಿ, ಡ್ರೈವಿನ ಓದುವ ಹೆಡ್ಡು ಕೆಟ್ಟು ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ ಎಂದು ಎಚ್ಚರಿಸಿದ. ಫ್ಲಾಪಿಯ 2880 ಸೆಕ್ಟರುಗಳಲ್ಲಿ, ಅಂದರೆ ಮಾಹಿತಿಯ ತುಣುಕುಗಳಲ್ಲಿ, ಮೂರು ಮಾತ್ರ ಓದಲಿಲ್ಲ.

ಈಗಿನ 64-ಬಿಟ್ ವಿಂಡೋಸ್ ಡಾಸ್ ಕಾಲದ 16-ಬಿಟ್ ಪ್ರೋಗ್ರಾಮುಗಳನ್ನು ನಡೆಸುವುದಿಲ್ಲ. ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಅಪ್ಪನ ಪ್ರೋಗ್ರಾಂ ಎದ್ದಿತು, ಕಾರ್ಡ್ ಕಾಣದೆ ನಿಂತಿತು. ಪತ್ರವನ್ನು ಹಾಗೇ ತೆರೆದರೆ ಪರದೆ ತುಂಬ ಗೆರೆ, ಗ್ರೀಕ್ ಅಕ್ಷರ. ಹುಡುಕಿ ಪತ್ತೆ ಮಾಡಿದ್ದು ಮಗಳೇ: ಭಾರತದ ಲಿಪಿಗಳ ಅಕ್ಷರಕ್ಕೆ ಸಂಖ್ಯೆ ಕೊಡುವ ಇಸ್ಕಿ ಎಂಬ ಪಟ್ಟಿಯಲ್ಲಿ "ಕ" ಎಂದರೆ 179, ಡಾಸ್‌ನ ಪಟ್ಟಿಯಲ್ಲಿ 179 ಎಂದರೆ ನೆಟ್ಟಗೆ ನಿಂತ ಗೆರೆ. ಅಪ್ಪ ಬರೆದ ಒಂದೊಂದು ಕಕಾರವೂ ಗೆರೆಯಾಗಿ ನಿಂತಿತ್ತು.

ಕನ್ನಡದ ಕ, ದೇವನಾಗರಿಯ ಕ, ಇಸ್ಕಿಯಲ್ಲಿ ಎರಡಕ್ಕೂ ಅದೇ 179. ಯಾವ ಲಿಪಿ ಬೇಕೋ ಅದರಲ್ಲಿ ತೆರೆಯಬಹುದು. ವಿಂಡೋಸ್‌ನಲ್ಲಿ ಅದಕ್ಕೆ ಕೋಡ್ ಪೇಜ್‌ಗಳಿವೆ, ಅಂದರೆ ಸಂಖ್ಯೆಯನ್ನು ಅಕ್ಷರವಾಗಿಸುವ ಪಟ್ಟಿಗಳು: ಕನ್ನಡಕ್ಕೆ 57008, ದೇವನಾಗರಿಗೆ 57002. ಅವಳು 57002 ಹಾಕಿದಳು.

"ಕನ್ನಡದ್ದು ಹಾಕು" ಎಂದೆ.

"ತಡಿ ಅಪ್ಪಾ. ಕನ್ನಡದಾಗ ಬಂದ್ರ ನೀ ಓದತಿ, ನಾ ಬರೇ ಕೇಳಬೇಕಾಗ್ತದ."

ನೀ ಓದತಿ, ನಾ ಬರೇ ಕೇಳಬೇಕಾಗ್ತದ. ಮನೆಯಲ್ಲಿ ಆಡುವುದು ಕನ್ನಡವೇ, ಲಿಪಿ ಕಲಿಸಲಿಲ್ಲ. ಇಂಗ್ಲಿಷು, ಮರಾಠಿ, ಹಿಂದಿ, ಮಗುವಿಗೆ ಇಷ್ಟು ಸಾಕೆಂದು ನಾನೇ ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಸಂಖ್ಯೆ ಇಟ್ಟವರು ಎಷ್ಟು ದೂರ ಯೋಚಿಸಿದ್ದರು! ನಾನು ಮುಚ್ಚಿದ ಬಾಗಿಲು ಅವರಿಂದ ತೆರೆಯಿತು.

ಅವಳು ಓದುತ್ತಲೇ ಇದ್ದಳು. ಮರಾಠಿಯಲ್ಲೂ ಇರುವ ಳಕಾರಕ್ಕೆ ತಡವರಿಸಲಿಲ್ಲ. ಮರಾಠಿಯಲ್ಲಿಲ್ಲದ ಹ್ರಸ್ವ ಎಕಾರ, ಒಕಾರ ಬಂದಾಗ ನಿಲ್ಲುತ್ತಿದ್ದಳು. "ಏಲ್ಲಾ" ಎಂದು, ತನ್ನ ಕಿವಿಗೇ ಸರಿಬಾರದೆ, "ಎಲ್ಲಾ ಕ್ಷೇಮ" ಎಂದು ತಿದ್ದಿಕೊಂಡಳು. ನಾಲ್ಕು ಸಾಲಿನ ಹೊತ್ತಿಗೆ ಅದು ಅಪ್ಪನ ಮಾತೇ ಆಗಿತ್ತು.

"ಹುಡುಗಗ ದಿನಾ ಸಂಜಿಕೆ ಒಂದು ಪುಟ ಕನ್ನಡ ಬರಸ್ತೇನಿ. ಅಳತಾನ, ಆದರೂ ಬಿಡಂಗಿಲ್ಲ."

ಆ ಸಾಲನ್ನು ಎರಡು ಸಲ ಓದಿದಳು. "ಹುಡುಗ ಅಂದ್ರ ನೀನs?"

ಹೂಂ ಎಂದೆ. ಆ ಫ್ಲಾಪಿಯಲ್ಲಿ ಇನ್ನೂ ಹನ್ನೊಂದು ಪತ್ರಗಳಿವೆ. ಅವನ್ನು ಯಾವ ಲಿಪಿಯಲ್ಲಿ ತೆರೆಯೋಣ ಎಂದು ಅವಳನ್ನು ಇನ್ನೂ ಕೇಳಿಲ್ಲ.