ಏನೂ ಇಲ್ಲ ಅಂತ ಯಾರು ಹೇಳಿದ್ದು?

"ಸರ್, ಅಲ್ಲಿ ಏನೂ ಇಲ್ಲ ಅಂತ ಯಾರು ಹೇಳಿದ್ದು?"

ಮಂಗಳವಾರ ಮಧ್ಯಾಹ್ನ ನಮ್ಮ ಟ್ರೈನಿ ಹುಡುಗಿ ಕೇಳಿದ್ದು ಇಷ್ಟೇ. ಅವಳು ದನಿ ಎತ್ತಿ ಮಾತಾಡಿದ್ದನ್ನೇ ನಾನು ನೋಡಿಲ್ಲ. ಆದರೂ ಹನ್ನೆರಡು ವರ್ಷದಿಂದ ಪ್ರೋಗ್ರಾಂಗಳನ್ನು ಬಿಚ್ಚಿ ಒಳಗೇನಿದೆ ಅಂತ ನೋಡುವ ಕೆಲಸ ಮಾಡುತ್ತಿರುವ ನನಗೆ ಕಿವಿ ಬಿಸಿಯಾಯಿತು.

ಒಳಗಿನ ಹೆಸರುಗಳನ್ನೆಲ್ಲ ಕಿತ್ತುಹಾಕಿದ ಒಂದು ಲಿನಕ್ಸ್ ಬೈನರಿ, ಅಂದರೆ ಯಂತ್ರದ ಭಾಷೆಯಲ್ಲಿರುವ ಪ್ರೋಗ್ರಾಂ ಫೈಲ್. ಅಂಥದ್ದನ್ನು ಬಿಚ್ಚಿ ತೋರಿಸುವ ಘಿದ್ರಾ ಅನ್ನೋ ಟೂಲ್‌ನಲ್ಲಿ ತೆರೆದು, ಫೈಲ್‌ನಿಂದ ಪಾಸ್‌ವರ್ಡ್ ಓದುವ ಫಂಕ್ಷನ್ (ಪ್ರೋಗ್ರಾಂನ ಒಂದು ತುಂಡು) ನೋಡುತ್ತಿದ್ದೆ. ಫೈಲ್ ತೆರೆಯದಿದ್ದರೆ ಇನ್ನೊಂದು ಫಂಕ್ಷನ್ನನ್ನು ಕರೆಯುತ್ತಿತ್ತು. ಅದರ ಮೇಲೆ 'ಇದು ವಾಪಸ್ ಬರುವುದಿಲ್ಲ' ಅಂತ ಡಿಕಂಪೈಲರ್‌ನ (ಯಂತ್ರದ ಕೋಡನ್ನು ನಾವು ಓದುವ ಹಾಗೆ ಬರೆದು ತೋರಿಸುವ ಭಾಗ) ಎಚ್ಚರಿಕೆ. ಸರಿ, 'ಫೈಲ್ ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ' ಅಂತ ರಿಪೋರ್ಟ್‌ನಲ್ಲಿ ಬರೆದುಬಿಟ್ಟೆ. ಪಕ್ಕದ ಕಿಟಕಿಯಲ್ಲಿ, ಆ ಕಾಲ್‌ನ ಕೆಳಗೆ, ಘಿದ್ರಾ ಓದದೆ ಬಿಟ್ಟ ಜಾಗಕ್ಕೆ ಹಾಕುವ ಪ್ರಶ್ನೆ ಚಿಹ್ನೆಗಳು ಸಾಲಾಗಿ ಬಿದ್ದಿದ್ದವು. ಅವಳು ಬೆರಳಿಟ್ಟಿದ್ದು ಅಲ್ಲಿ.

'ಇದನ್ನು ಕೋಡ್ ಅಂತ ಓದು' ಅನ್ನುವ ಡಿ ಕೀ ಒತ್ತಿದೆ. ಪ್ರಶ್ನೆ ಚಿಹ್ನೆಗಳೆಲ್ಲ ಕೋಡ್ ಆದವು. ಫೈಲ್ ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಒಂದು ಸಾಲು ಗೊಣಗಿ, ಒಳಗೇ ಬರೆದಿಟ್ಟ ಪಾಸ್‌ವರ್ಡ್ ಹಿಡಿದು ಮುಂದೆ ಹೋಗುತ್ತದೆ!

ತಪ್ಪಾಗಿದ್ದು ಹೀಗೆ. ಪ್ರೋಗ್ರಾಮನ್ನೇ ಮುಗಿಸುವ ಎಕ್ಸಿಟ್, ಅಬಾರ್ಟ್ ಥರದ ಫಂಕ್ಷನ್‌ಗಳನ್ನು ಕರೆದರೆ ವಾಪಸ್ ಬರೋ ಮಾತೇ ಇಲ್ಲ. ಹಾಗಾಗಿ ಬರೆದ ಪ್ರೋಗ್ರಾಮನ್ನು ಬೈನರಿ ಮಾಡುವ ಕಂಪೈಲರ್ ಆ ಕಾಲ್ ಆದಮೇಲೆ ಏನನ್ನೂ ಇಡದೆ ಬಿಡಬಹುದು. ಪಕ್ಕದಲ್ಲೇ ಬೇರೆ ಫಂಕ್ಷನ್ ಶುರುವಾಗಿರುತ್ತದೆ, ಇಲ್ಲ ಬರೀ ಡೇಟಾ ಇರುತ್ತದೆ. ಅದನ್ನೂ ಕೋಡ್ ಅಂತ ಓದಿದರೆ ಎಲ್ಲ ಕಲಸುಮೇಲೋಗರ. ಅದಕ್ಕೇ ಘಿದ್ರಾ ಅಂಥ ಹೆಸರುಗಳ ಪಟ್ಟಿ ಇಟ್ಟುಕೊಂಡಿದೆ. ಹೆಸರೇ ಇಲ್ಲದಿದ್ದರೆ ಊಹೆ: ಕರೆದ ಜಾಗಗಳಲ್ಲಿ ಮೂರು ಕಡೆ ಅನುಮಾನ ಬಂದರೆ ಸಾಕು, 'ಇದು ಬರಲ್ಲ' ಅಂತ ಮುದ್ರೆ. ಮಾಮೂಲಿ ಸೆಟ್ಟಿಂಗ್ ಅದು, ಮೂರು.

ನಮ್ಮದು ಜಿಲಿಬ್‌ಸಿಯ, ಅಂದರೆ ಲಿನಕ್ಸ್‌ನಲ್ಲಿ ಬಳಸುವ ಸಿ ಲೈಬ್ರರಿಯ, ಎರರ್ ಫಂಕ್ಷನ್. ಕರೆಯುವಾಗ ಮೊದಲ ಆರ್ಗ್ಯುಮೆಂಟ್ (ಜೊತೆಗೆ ಕೊಡುವ ಮೌಲ್ಯ) ಸೊನ್ನೆ ಕೊಟ್ಟರೆ ಸಂದೇಶ ಬರೆದು ತೆಪ್ಪಗೆ ವಾಪಸ್ ಬರುತ್ತದೆ. ಬೇರೆ ಏನೇ ಕೊಟ್ಟರೂ ಪ್ರೋಗ್ರಾಮನ್ನೇ ಮುಗಿಸುತ್ತದೆ. ಉಳಿದ ಕಡೆ ಒಂದು ಅಂತ ಕೊಟ್ಟಿದ್ದರು, ಇಲ್ಲಿ ಸೊನ್ನೆ. ಬರೋದು ಬಿಡೋದು ಕರೆದ ರೀತಿ ಮೇಲೆ. ಫಂಕ್ಷನ್ ಮೇಲಿನ ಗುರುತು ತೆಗೆದು, ನಿಜವಾಗಿ ವಾಪಸ್ ಬರದ ಕಾಲ್‌ಗಳಿಗೆ ಮಾತ್ರ ಒಂದೊಂದಾಗಿ ಫ್ಲೋ, ಅಂದರೆ ಕಾಲ್ ಆದಮೇಲಿನ ದಾರಿ, ಬದಲಿಸಿದೆವು. ಸಂಜೆ ಏಳಾಯಿತು. ನಮ್ಮ ಮ್ಯಾನೇಜರ್ "ಟೂಲ್ ತಪ್ಪು ಬಿಡಿ" ಅಂದರು. ಅವರಿಗೆ ಯಾವಾಗಲೂ ಟೂಲೇ ತಪ್ಪು. ಟೂಲ್ ಪಾಪ ಪ್ರಶ್ನೆ ಚಿಹ್ನೆ ಹಾಕಿತ್ತು. ನೋಡದೆ ಇದ್ದವನು ನಾನು.

ಮನೆಗೆ ಬಂದರೆ ಅಮ್ಮ ನಾಮಕರಣಕ್ಕೆ ಕರೆಯುವವರ ಪಟ್ಟಿ ಹಿಡಿದು ಕೂತಿದ್ದಳು. ಶಿವಮೊಗ್ಗದ ಮಾವನ ಹೆಸರಿಲ್ಲ.

"ಅವನು ಯಾವ ಫಂಕ್ಷನ್ನಿಗೂ ಬರಲ್ಲ ಬಿಡೋ" ಅಂದಳು.

ಫಂಕ್ಷನ್! ನಗು ಬಂತು. ನಿಜ, ನನ್ನ ಮದುವೆಗೆ ಬರಲಿಲ್ಲ, ತಂಗಿಯ ಸೀಮಂತಕ್ಕೆ ಬರಲಿಲ್ಲ, ಗೃಹಪ್ರವೇಶಕ್ಕೂ ಇಲ್ಲ. ಲೆಕ್ಕ ಹಾಕಿದರೆ ಸರಿಯಾಗಿ ಮೂರು. ಮಾವ ಸ್ವಲ್ಪ ಜಂಬದ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಆದರೆ ಮೂರು ಸಲವೂ ನಾವು ಕರೆದದ್ದು ವಾಟ್ಸಾಪ್‌ನಲ್ಲಿ ಕಾರ್ಡ್ ಕಳಿಸಿ. ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆದವರು ಒಬ್ಬರೂ ಇಲ್ಲ.

"ಬರಲ್ಲ ಅಂತ ಯಾರು ಹೇಳಿದ್ದು?" ಅಂದೆ.

ಅಮ್ಮ ನನ್ನನ್ನೇ ಒಂದು ನಿಮಿಷ ನೋಡಿದಳು. ಆಮೇಲೆ ಈಳಿಗೆ ಮಣೆ ಎಳೆದುಕೊಂಡು ಬೀನ್ಸ್ ಹೆಚ್ಚತೊಡಗಿದಳು. ಪಟ್ಟಿ ಇನ್ನೂ ಟೇಬಲ್ ಮೇಲೇ ಇದೆ, ಪೆನ್ನೂ ಅಲ್ಲೇ ಇದೆ.