ಒಂದು ಗೌರಿ ಗೊಂಬೆಯ ಲೆಕ್ಕ

"ಕಟಗಿ ಗೊಂಬಿಗೆ 2,800 ಯಾಕ್ರೀ ಅಣ್ಣಾರ?" ನಿನ್ನೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ನಮ್ಮ ಮನೆಗೆ ಬಂದ ಅಕ್ಕಾರೊಬ್ಬರು ಕೇಳಿದರು. ಕೂರಿಸಿ ಲೆಕ್ಕ ಹೇಳಿದೆ.

ಮರ, ಬಣ್ಣ, ಅಂಟು, ಬಟ್ಟೆ ಸೇರಿ 600. ಇಷ್ಟೇ ಎಲ್ಲರ ಕಣ್ಣಿಗೆ ಕಾಣುವುದು. ಗೋಣಿಚೀಲದ ಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ. ಅದರಿಂದ ಮರದ ಸಂದು ಮುಚ್ಚಬೇಕು. ಮೇಲೆ ಹತ್ತಿ, ಆಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಪ್ರತಿ ಪದರವೂ ಒಣಗಬೇಕು. ಮಳೆಗಾಲದಲ್ಲಿ ಅವಸರ ಮಾಡಿದರೆ ಲೇಪ ಬಿರುಕು ಬಿಡುತ್ತದೆ; ಹೋದ ಶ್ರಾವಣದಲ್ಲಿ ಮೂರು ಗೌರಿಯರ ಬಣ್ಣ ಪೂರ್ತಿ ಕೆರೆದು ತೆಗೆದೆ.

ಒಣಗುವ ದಿನ ಬಿಟ್ಟು ಕೈಕೆಲಸವೇ ನಾಲ್ಕು ದಿನ. ದಿನಕ್ಕೆ 450ರಂತೆ 1,800. ಉಳಿದ 400ರಲ್ಲಿ ಕರೆಂಟು, ಕೆಟ್ಟ ಮಾಲು, ಮೇಳಕ್ಕೆ ಹೋಗುವ ಬಸ್ ಚಾರ್ಜು.

ಬೆಂಗಳೂರಿನ ಅಂಗಡಿಯೊಂದು 1,800ಕ್ಕೆ ಕೇಳಿತ್ತು. ಕೆಟ್ಟ ಮಾಲಿನ ಮಾತು ಬಿಡಿ, ಮರ-ಬಣ್ಣ ಕಳೆದರೇ ನನ್ನ ಕೂಲಿ ದಿನಕ್ಕೆ 300. ಕೊಡಲಿಲ್ಲ. ಊರಿನ ಕಸುಬಿಗೆ ಸಿಗುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ನಮ್ಮ ಹೆಸರನ್ನು ಕಾಯುತ್ತದೆ, ಕೂಲಿಯನ್ನು ನಾವೇ ಕಾಯಬೇಕು.

ಗೌರಿಯ ಕಣ್ಣನ್ನು ಕಡೆಗೆ ಬರೆಯುತ್ತೇನೆ, ಬೆಳಗಿನ ಬೆಳಕಲ್ಲಿ, ಉಸಿರು ಬಿಗಿಹಿಡಿದು. ಅದಕ್ಕೆ ನಾನು ಬೇರೆ ದುಡ್ಡು ಹಾಕಿಲ್ಲ. ಅಕ್ಕಾರು ಆ ಕಣ್ಣನ್ನೇ ನೋಡುತ್ತ ಕೂತಿದ್ದರು. ಚೌಕಾಸಿ ಮಾಡದೆ ಒಯ್ದರು.