‘ಸೂರಿಸ್‌ನಲ್ಲಿ ಏನಿದೆ ಅಂತ ಪದೇ ಪದೇ ಹೋಗ್ತೀರಿ?’

ಕೆನಡಾದ ವಿನ್ನಿಪೆಗ್‌ನ ನಮ್ಮ ಮನೆಗೆ ಯಾರೇ ನೆಂಟರು ಬರಲಿ, ಒಂದು ದಿನ ಸೂರಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಕಾರಿನಲ್ಲಿ ಹತ್ತಿರ ಹತ್ತಿರ ಮೂರು ಗಂಟೆಯ ದಾರಿ. ಎರಡೂ ಕಡೆ ಗೋಧಿ, ಕನೋಲಾ ಎಂಬ ಎಣ್ಣೆಕಾಳಿನ ಹೊಲ, ನೆಲ ಅಂಗೈಯಷ್ಟು ಸಮ. ಅರ್ಧ ದಾರಿಗೆ ಪ್ರಶ್ನೆ ಬಂದೇ ಬರುತ್ತದೆ: ಎರಡು ಸಾವಿರ ಜನರ ಊರಲ್ಲಿ ನೋಡೋಕೆ ಏನಿದೆ?

ಒಂದು ತೂಗುಸೇತುವೆ ಇದೆ.

ನಾನು ಸುಳ್ಯದ ಕಡೆಯವಳು. ಮಳೆಗಾಲದಲ್ಲಿ ಹೊಳೆಯ ಆಚೆ ದಡ ಎಷ್ಟು ದೂರ ಅಂತ ನಮಗೆ ಗೊತ್ತು. ಅಲ್ಲೇ ಅರಂಬೂರಿನಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಹಾಗಾಗಿ ಸೂರಿಸ್‌ನ ಹಲಗೆ ಕಾಲಡಿ ತೂಗಿದಾಗ ನನಗೆ ಊರಿಗೆ ಬಂದ ಹಾಗಾಯಿತು.

ಫ್ರೆಂಚಿನಲ್ಲಿ ಸೂರಿಸ್ ಅಂದರೆ ಇಲಿ. ಅದು ಹೊಳೆಯ ಹೆಸರು. ಪ್ಲಮ್ ಕ್ರೀಕ್ ಎಂಬ ತೊರೆ ಇಲ್ಲೇ ಬಂದು ಸೇರುತ್ತದೆ, ಊರಿಗೂ ಮೊದಲು ಅದರದೇ ಹೆಸರಿತ್ತು. ಒಂಟಾರಿಯೊದಿಂದ ಜನರನ್ನು ಕರೆತಂದು ಊರು ಕಟ್ಟಿದವರು ವಿಲಿಯಂ ಸೌಡನ್. ಹೊಳೆಯಾಚೆಯ ತಮ್ಮ ಜಮೀನಿಗೆ ದಾರಿ ಬೇಕಾಗಿ 1904ರಲ್ಲಿ ಅವರು ಹಾಕಿಸಿದ್ದು ಈ ಸೇತುವೆ. ಅವರದು ಸ್ವಂತದ ಲೆಕ್ಕ, ನಿಜ. ಆದರೆ ಆಮೇಲೆ ಅದು ಎಲ್ಲರ ಕಾಲುದಾರಿಯಾಯಿತು.

1976ರ ನೆರೆ ಅದನ್ನು ಹಾಳು ಮಾಡಿತು. ಊರವರು ಮತ್ತೆ ಕಟ್ಟಿಕೊಂಡರು.

2011ರದು ಇನ್ನೂ ಕಷ್ಟದ ಕಥೆ. ಈ ಹೊಳೆ ಸಸ್ಕಾಚೆವಾನ್‌ನಲ್ಲಿ ಹುಟ್ಟಿ, ಅಮೆರಿಕದ ನಾರ್ತ್ ಡಕೋಟಾಕ್ಕೆ ಇಳಿದು, ತಿರುಗಿ ಕೆನಡಾಕ್ಕೆ ಬರುತ್ತದೆ. ಆ ಜೂನ್‌ನಲ್ಲಿ ನಾರ್ತ್ ಡಕೋಟಾದ ಮೈನಾಟ್ ನಗರ ಮುಳುಗಿತು. ಅದೇ ನೀರು ಇಲ್ಲಿಗೂ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಸೈನಿಕರು ಬಂದರು, ಊರವರ ಜೊತೆ ಮರಳಿನ ಚೀಲ ಪೇರಿಸಿ ಒಡ್ಡು ಕಟ್ಟಿದರು. ಜುಲೈ ಹೊತ್ತಿಗೆ ನೀರು ಸೇತುವೆಗೆ ಬಂತು. ಅದು ತಾನಾಗಿ ಕಿತ್ತುಬಂದರೆ ಒಡ್ಡಿಗೇ ಅಪಾಯ. ಒಡ್ಡು ಹೋದರೆ ಮನೆಗಳು ಹೋಗುತ್ತವೆ. ಕೊನೆಗೆ ಸೇತುವೆಯ ಹಗ್ಗಗಳನ್ನು ಬೇಕೆಂದೇ ಕತ್ತರಿಸಿ ಬಿಟ್ಟರು.

ಅಜ್ಜ ಅಜ್ಜಿಯ ಕಾಲದಿಂದ ಓಡಾಡಿದ ಸೇತುವೆ ಅದು. ಅದನ್ನು ಕತ್ತರಿಸಿ ಅಂತ ಹೇಳುವುದು ಸುಮ್ನೆ ಮಾತಾ? ಕಥೆ ಹೇಳುತ್ತಾ ಈ ಜಾಗಕ್ಕೆ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

2013ರಲ್ಲಿ ಹೊಸದು ಬಂತು, 184 ಮೀಟರ್ ಉದ್ದ, ಹಳೆಯದಕ್ಕಿಂತ ಸ್ವಲ್ಪ ಜಾಸ್ತಿಯೇ. ‘ಹಾಗಾದ್ರೆ ಇದು ಹಳೇದಲ್ಲ, ಅಲ್ವಾ?’ ಅಂತ ನೆಂಟರು ಕೇಳುತ್ತಾರೆ. ಹಲಗೆ ಹೊಸದು, ಹಗ್ಗ ಹೊಸದು. ಹೊಳೆಯ ಮೇಲೆ ತೂಗುತ್ತಾ ನಡೆಯುವುದು ಮಾತ್ರ 1904ರದೇ. ನಾನು ತೋರಿಸಲು ಕರೆತರುವುದು ಅದನ್ನೇ.

ಹತ್ತಿರದಲ್ಲೇ ಅಗೇಟ್ ಎಂಬ ಬಣ್ಣದ ಪಟ್ಟೆಯ ಕಲ್ಲು ಆರಿಸುವ ಗುಂಡಿ ಇದೆ. ಮಕ್ಕಳಿದ್ದರೆ ಅಲ್ಲಿಂದ ಎಬ್ಬಿಸುವುದೇ ಕಷ್ಟ. ಸೌಡನ್ ಮನೆತನದ ದೊಡ್ಡ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಇನ್ನೊಂದಿದೆ, ಅದನ್ನು ನಾನು ಮೊದಲೇ ಹೇಳುವುದಿಲ್ಲ. ಪಾರ್ಕಿನ ಕಡೆ ನಡೆಯುವಾಗ ಒಂದು ಕೂಗು ಕೇಳುತ್ತದೆ. ಊರಿಂದ ಬಂದವರು ಗಕ್ಕನೆ ನಿಲ್ಲುತ್ತಾರೆ. ನವಿಲು!